ಅಪ್ಪಚ್ಚಿಯ ಕೋರಿಕೆ

ಫೋನಿನಲ್ಲಿ ನೋಡುತ್ತಿದ್ದ ಸಿನಿಮಾದ ಮೂರನೆಯ ಕಥೆಯ ನಾಯಕಿ ಕಿಟಕಿಗೆ ಆತು ನಿಂತಿದ್ದಳು. ಮಳೆ ಶುರುವಾಯಿತು. ಹಾಡು ಇನ್ನೇನು ಚರಣಕ್ಕೆ ಹೊರಳಬೇಕು, ಅಷ್ಟರಲ್ಲಿ ಮಲಯಾಳದಲ್ಲಿ ಚಿನ್ನದ ಜಾಹೀರಾತು! ಕಾಸರಗೋಡಿನ ಪೆರ್ಲದಲ್ಲಿ ಕೂತು ಕನ್ನಡ ಸಿನಿಮಾ ನೋಡಿದರೂ ಫೋನಿನ ಲೆಕ್ಕದಲ್ಲಿ ನಾವು ಕೇರಳದವರು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಸಿಟ್ಟನ್ನು ನಮ್ಮ ಹಿರಿಯರು ಭಾಷಣ ಮಾಡಿ ತೀರಿಸಿಕೊಂಡರು. ನಾನು ಫೋನನ್ನು ದಿಂಬಿಗೆ ಕುಕ್ಕಿ ತೀರಿಸಿಕೊಳ್ಳುತ್ತೇನೆ.

“ಅಪ್ಪಾ, ನಿಮ್ಮ ಬದುಕು ಬದಲಿಸಿದ ಹಾಡು ಯಾವುದು?” ಮಗಳು ಕೇಳಿದಳು.

ಐದು ಕಥೆ, ಐದು ಹಾಡು, ಒಂದೊಂದು ಹಾಡಿಗೂ ಒಬ್ಬೊಬ್ಬರ ಬದುಕು ಮಗುಚಿಕೊಳ್ಳುವ ಸಿನಿಮಾ ಅದು. ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ದ (1976) ಮೂರು ಕಥೆಗಳಿಗೆ ಇಂಥ ದಾರವೇನೂ ಬೇಕಾಗಿರಲಿಲ್ಲ. ಅದಿರಲಿ, ನನಗೆ ರೇಗಿದ್ದು ಬೇರೆ ಕಾರಣಕ್ಕೆ. ಇವರಿಗೆಲ್ಲ ಹಾಡು ಪೂರ್ತಿ ಕೇಳಲು ಸಿಗುತ್ತದೆ! ನಡುವೆ ಹಾಲು ಉಕ್ಕುವುದಿಲ್ಲ, ದನ ಹಗ್ಗ ಕಿತ್ತುಕೊಳ್ಳುವುದಿಲ್ಲ, ಕರೆಂಟೂ ಹೋಗುವುದಿಲ್ಲ.

ನಮ್ಮ ಮನೆಯಲ್ಲಿ ಹಾಡೊಂದು ಬದಲಿಸಿದ್ದು ಅಪ್ಪಚ್ಚಿಯ, ಅಂದರೆ ಚಿಕ್ಕಪ್ಪನ, ಎಡಗಾಲನ್ನು.

ಮಂಗಳೂರು ಆಕಾಶವಾಣಿ ಶುರುವಾದದ್ದೂ 1976ರಲ್ಲೇ. ಕೆಲವು ವರ್ಷಗಳ ಮೇಲೆ ಅಪ್ಪಚ್ಚಿಗೆ ರೇಡಿಯೋಗೆ ಹಾಡಿನ ಕೋರಿಕೆ ಕಳಿಸುವ ಹುಚ್ಚು ಹತ್ತಿತು. 15 ಪೈಸೆಯ ಕಾರ್ಡು. ಕೋರಿಕೆ ಯಾವಾಗಲೂ ಒಂದೇ, ‘ಬೆಳ್ಳಿಮೋಡ’ದಲ್ಲಿ ಎಸ್. ಜಾನಕಿ ಹಾಡಿದ ಬೇಂದ್ರೆಯವರ ‘ಬೆಳಗು’. ಹಾಡಿನ ಹೆಸರಿಗೆ ಒಂದು ಸಾಲು, ಉಳಿದ ಜಾಗವೆಲ್ಲ ಮನೆಯವರ ಹೆಸರಿಗೆ. ಒಮ್ಮೆ ಅಜ್ಜಿಯ ಹೆಸರು ಸೊಸೆಯ ಹೆಸರಿನ ಕೆಳಗೆ ಬಿತ್ತೆಂದು ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದರು. ಕಾರ್ಡು ಹರಿದು ಹೊಸದು ಬರೆಯಬೇಕಾಯಿತು. ತೊಟ್ಟಿಲಲ್ಲಿದ್ದ ನನ್ನ ತಂಗಿಯೂ ಹಾಡು ಕೋರಿದವಳೇ.

ಕೊನೆಗೊಂದು ದಿನ ರೇಡಿಯೋದಲ್ಲಿ ನಮ್ಮ ಹೆಸರುಗಳು ಒಂದರ ಹಿಂದೊಂದು ಬಂದವು. ಅಪ್ಪಚ್ಚಿ ತೋಟದಲ್ಲಿದ್ದರು. ಮಳೆಗಾಲದ ಆಟಿ ತಿಂಗಳಲ್ಲಿ ಬಿಸಿಲು ಕಂಡ ದಿನ, ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ನಾನು ಮೆಟ್ಟಿಲ ಮೇಲೆ ನಿಂತು ಕಿರುಚಿದೆ. ಅವರು ಮೈಲುತುತ್ತಿನ ಕೊಡಪಾನ ಬಿಟ್ಟು ಓಡಿ ಬಂದರು. ಪಾಚಿ ಕಟ್ಟಿದ ಪಾಪು, ಅಂದರೆ ಕಾಲುಸಂಕ, ದಾಟುವಾಗ ಕಾಲು ಜಾರಿ ಕೆಳಗಿನ ನೀರಿನ ಕಣಿಗೆ ಬಿದ್ದರು. ನಾಲ್ಕು ಜನ ಎತ್ತಿ ತಂದು ಜಗಲಿಯಲ್ಲಿ ಮಲಗಿಸಿದಾಗ ಮೊಣಕೈವರೆಗೆ ನೀಲಿ, ಮೊಣಕಾಲಿನ ಕೆಳಗೆ ಕೆಸರು, ಪಾದ ಯಾರದೋ ಪಾದದ ಹಾಗೆ ಆಚೆ ತಿರುಗಿತ್ತು.

“ಪದ್ಯ ಮುಗುದತ್ತೋ?”

ಮುಗಿದಿತ್ತು. ಆಗಲೇ ಯಾವುದೋ ಸಾಬೂನಿನ ಗುಣಗಾನ ನಡೆಯುತ್ತಿತ್ತು.

ಆರು ವಾರ ಪ್ಲಾಸ್ಟರು. ಆಮೇಲೆ ಕಾಲು ಕೂಡಿತು, ಅರ್ಧ ಇಂಚು ಕಡಿಮೆ. ಅಪ್ಪಚ್ಚಿ ಮತ್ತೆ ಕೋರಿಕೆ ಕಳಿಸಲಿಲ್ಲ. ಕಪಾಟಿನಲ್ಲಿ ಉಳಿದಿದ್ದ ಹದಿನಾಲ್ಕು ಕಾರ್ಡುಗಳ ಬೆನ್ನಿಗೆ ಎರಡು ವರ್ಷ ಅಡಿಕೆಯ ಲೆಕ್ಕ ಬರೆದರು.

ಇಷ್ಟನ್ನೂ ಮಗಳಿಗೆ ಹೇಳಿ ಮುಗಿಸುವ ಹೊತ್ತಿಗೆ ನಾಲ್ಕನೆಯ ಕಥೆ ಅರ್ಧ ಆಗಿತ್ತು. ಅವಳ ಎರಡೂ ಕಿವಿಯಲ್ಲಿ ಇಯರ್‌ಫೋನು.