ಎಸೆಸೆಲ್ಸಿ ಫಲಿತಾಂಶ ಮನೆಯಲ್ಲೇ ತೀರ್ಮಾನವಾಗುತ್ತದೆಯೇ?

ಪರ

2024ರ ಎಸೆಸೆಲ್ಸಿಯಲ್ಲಿ ಉಡುಪಿಯ ಫಲಿತಾಂಶ ಶೇ 94. ಪಟ್ಟಿಯ ತಳದಲ್ಲಿದ್ದ ಯಾದಗಿರಿಯದು ಶೇ 50.59. ಪಠ್ಯ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ಅಂದು ಅನಕ್ಷರಸ್ಥರೆಂದು ದಾಖಲಾದವರಲ್ಲಿ ಎಷ್ಟೋ ಜನ ಈಗ ಹತ್ತನೇ ತರಗತಿಯ ಮಕ್ಕಳ ತಂದೆತಾಯಿ.

ಸುರಪುರ, ಶಹಾಪುರದ ಕಡೆ ದೀಪಾವಳಿ ಕಳೆದರೆ ಹತ್ತಿ ಬಿಡಿಸುವ ಕಾಲ. ಕೂಲಿ ಕಿಲೋ ಲೆಕ್ಕದಲ್ಲಿ, ಕೈ ಹೆಚ್ಚಿದಷ್ಟೂ ಕಾಸು; ಹುಡುಗಿಯರಿಗೆ ಶಾಲೆ ತಪ್ಪುತ್ತದೆ. ಗುಳೆ ಹೋಗುವವರ ಮಕ್ಕಳು ಒಂದೋ ಬೆಂಗಳೂರಿನ ಶೆಡ್ಡು ಸೇರುತ್ತಾರೆ, ಇಲ್ಲವೇ ಅಜ್ಜಿಯ ಜೊತೆ ಉಳಿದು ರೊಟ್ಟಿ ಬಡಿಯುತ್ತಾರೆ. ಬೀದರಿನಲ್ಲಿ ಇನ್ನೊಂದು ತೊಡಕು: ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಉರ್ದು, ಮರಾಠಿ ಅಥವಾ ತೆಲುಗು, ಶಾಲೆಯಲ್ಲಿ ಕನ್ನಡ. ಇವರ ಮುಂದೆ ನಿಂತು 'ನಿನ್ನ ಮೇಲೆ ನಂಬಿಕೆಯಿಡು' ಎನ್ನುವುದು ಹೊಟ್ಟೆ ತುಂಬಿದವರ ಮಾತು.

ವಿರೋಧ

ಮೇಲಿನದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮನೆಯೇ ಎಲ್ಲ ಎನ್ನುವವರು ಸಾಕ್ಷಿಗೆ ಕರೆಯುವ, 1966ರ ಅಮೆರಿಕದ ಕೋಲ್ಮನ್ ವರದಿಯನ್ನು ಅರ್ಧಕ್ಕೇ ಮುಚ್ಚಿಡುತ್ತಾರೆ. ಕಲಿಕೆಯಲ್ಲಿ ಶಾಲೆಯ ಸೌಲಭ್ಯಕ್ಕಿಂತ ಮನೆಯ ಹಿನ್ನೆಲೆ ದೊಡ್ಡದು ಎಂದು ಅದು ಹೇಳಿದ್ದು ಹೌದು. ಬದುಕು ತನ್ನ ಕೈಯಲ್ಲಿದೆಯೋ ಅದೃಷ್ಟದ ಕೈಯಲ್ಲೋ ಎಂಬ ಮಗುವಿನ ಭಾವನೆಗೂ, ಅದರಲ್ಲೂ ಕರಿಯ ಮಕ್ಕಳಲ್ಲಿ, ಅಂಕಗಳಿಗೂ ಗಟ್ಟಿ ನಂಟಿದೆ ಎಂದೂ ಅದೇ ವರದಿ ಹೇಳಿತ್ತು. ನಮ್ಮ ಕಡೆ ಇದಕ್ಕೆ ಹಣೆಬರಹ ಎನ್ನುತ್ತಾರೆ. ಬರೆಯುವವನು ಬ್ರಹ್ಮ ಎಂದುಕೊಂಡಿದ್ದೇವೆ. ಹಲವು ಸಲ ಸೀಮೆಸುಣ್ಣ ಹಿಡಿದವರೇ ಬರೆಯುತ್ತೇವೆ.

ನನ್ನ ತರಗತಿಯ ಹುಡುಗಿಯೊಬ್ಬಳು ಮೂರು ದಿನ ಶಾಲೆ ತಪ್ಪಿಸಿ ಬಂದಿದ್ದಳು. ದಶಮಾಂಶದ ಲೆಕ್ಕ ಕೊಟ್ಟರೆ 'ನನ್ನ ತಲೆಗೆ ಲೆಕ್ಕ ಹತ್ತುವುದಿಲ್ಲ ಸರ್' ಎಂದಳು. ಐದನೇ ತರಗತಿಯಲ್ಲಿ ಯಾರೋ ಹಾಗೆಂದಿದ್ದರಂತೆ. ಎಷ್ಟು ಹತ್ತಿ ಬಿಡಿಸಿದೆ ಎಂದು ಸುಮ್ಮನೆ ಕೇಳಿದೆ.

'ಹದಿನೆಂಟು ಕಿಲೋ, ಇಪ್ಪತ್ತೆರಡು, ನಿನ್ನೆ ಹತ್ತೊಂಬತ್ತೂವರೆ. ಹಸಿ ಇದೆ ಎಂದು ಎರಡು ಕಿಲೋ ಮುರಿದರು. ಕಿಲೋಗೆ ಹನ್ನೆರಡು. ಆರುನೂರ ತೊಂಬತ್ತು ಬರಬೇಕಿತ್ತು, ಆರುನೂರೈವತ್ತು ಕೊಟ್ಟರು. ನಲವತ್ತು ಬಾಕಿ.'

ಪೆನ್ನು ಮುಟ್ಟಿರಲಿಲ್ಲ. ನಾನು ಬೋರ್ಡಿನ ಮೇಲೆ ಬರೆದು ತಾಳೆ ನೋಡಬೇಕಾಯಿತು.

ಹೇಗಾದರೂ ಪಾಸು ಮಾಡಿಸಬೇಕಾದ ಮಕ್ಕಳಿಗೆಂದು 'ಪಾಸಿಂಗ್ ಪ್ಯಾಕೇಜ್' ಮಾಡುತ್ತೇವಲ್ಲ, ನಾಲ್ಕು ಸುಲಭದ ಪ್ರಶ್ನೆ ಉರು ಹೊಡೆಸಿ ಉಳಿದದ್ದನ್ನು ಬಿಟ್ಟುಬಿಡುವುದು, ಆ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಬರೆದವನು ನಾನೇ.