ಆರೋಗ್ಯ ಸೆಸ್ ಕಟ್ಟಿದ್ದೇವೆ, ಹೋಗಿದ್ದೆಲ್ಲಿಗೆ?

ನಾನಿರುವ ಇಂಗ್ಲೆಂಡಿನಲ್ಲಿ ಮಾರ್ಚ್ ಹೊತ್ತಿಗೆ ಬರುವ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತವಾದ ಕೌನ್ಸಿಲ್ಲಿಗೆ ಕಟ್ಟುವ ಮನೆ ತೆರಿಗೆ) ಬಿಲ್ಲಿನಲ್ಲಿ ವಯಸ್ಕರ ಆರೈಕೆಗೆಂದೇ ಬೇರೆ ಒಂದು ಸಾಲು ಇರುತ್ತದೆ. ಕಂಡರೆ ಹೊಟ್ಟೆ ಉರಿಯುತ್ತದೆ. ದುಡ್ಡು ಹೋಯಿತೆಂದಲ್ಲ, ಅದು ಯಾತಕ್ಕೆ ಹೋಯಿತೆಂದು ಇಲ್ಲಿ ಕಾಣುತ್ತದಲ್ಲ ಎಂದು. ನಮ್ಮ ಕರ್ನಾಟಕದ ಆಸ್ತಿ ತೆರಿಗೆ ರಸೀದಿಯಲ್ಲೂ ಶೇ. 15 ಆರೋಗ್ಯ ಸೆಸ್ ಇದೆಯಲ್ಲ! ನಗರಸಭೆ ಅದನ್ನು ವಸೂಲಿ ಮಾಡಿ, ಶೇ. 10ರಷ್ಟು ವಸೂಲಿ ಖರ್ಚು ಹಿಡಿದುಕೊಂಡು, ಮಿಕ್ಕಿದ್ದನ್ನು ಸರ್ಕಾರಕ್ಕೆ ಕಟ್ಟಬೇಕು. ವಾರ್ಡಿನ ಸೊಳ್ಳೆಗೆ ಅದರ ಬಿಸಿ ತಟ್ಟುವುದಿಲ್ಲ.

ಇಲ್ಲಿ ಇಂಗ್ಲೆಂಡಿನಲ್ಲಿ ಅಜ್ಜಿಯೊಬ್ಬರು ಬಿದ್ದು ತೊಡೆಮೂಳೆ ಮುರಿದುಕೊಂಡರೆನ್ನಿ. ಆಪರೇಷನ್ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಪಾಲು. ಬಚ್ಚಲಿನ ಹಿಡಿಕಂಬಿ, ಮೈ ತೊಳೆಸಲು ಬರುವವರು ಕೌನ್ಸಿಲ್ ಪಾಲು. ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ಬಂದು ಮೆಟ್ಟಿಲು, ಕಮೋಡಿನ ಎತ್ತರ, ಬಾಗಿಲಿನ ಅಗಲ ಅಳೆಯುತ್ತಾರೆ. 1,000 ಪೌಂಡಿನೊಳಗಿನ ಮಾರ್ಪಾಡು ಪುಕ್ಕಟೆ. ಸ್ನಾನದ ತೊಟ್ಟಿ ಕಿತ್ತು ಸಮನೆಲದ ಶವರ್ ಹಾಕುವಂಥ ಕೆಲಸಕ್ಕೆ, ಆದಾಯ ನೋಡಿ, 30,000 ಪೌಂಡ್‌ವರೆಗೆ ಅನುದಾನ. ಕಂಬಿ ತಡವಾದರೆ ಅಜ್ಜಿ ಆಸ್ಪತ್ರೆ ವಾರ್ಡಿನಲ್ಲೇ ಉಳಿಯುತ್ತಾರೆ: ನಷ್ಟ ಆಸ್ಪತ್ರೆಗೆ, ಉಳಿತಾಯ ಕೌನ್ಸಿಲ್ಲಿಗೆ. ಈ ಎಳೆದಾಟಕ್ಕೇ 2006ರ ಎನ್‌ಎಚ್‌ಎಸ್ ಕಾಯ್ದೆಯ 75ನೇ ಸೆಕ್ಷನ್ ಇರುವುದು. ಇಬ್ಬರ ಹಣವನ್ನೂ ಒಂದೇ ನಿಧಿಗೆ ಹಾಕಬಹುದು. 2015ರಲ್ಲಿ ಬೆಟರ್ ಕೇರ್ ಫಂಡ್ ಎಂಬ ಜಂಟಿ ನಿಧಿ ಯೋಜನೆ ಬಂದಮೇಲೆ ಅದು ಇಂಗ್ಲೆಂಡಿನ ಎಲ್ಲೆಡೆ ನಡೆಯುತ್ತಿದೆ.

ಈಗ ನಮ್ಮ ಡೆಂಗಿ ನೋಡಿ. ಆಶಾ ಕಾರ್ಯಕರ್ತೆ ಡ್ರಮ್ಮಿಗೆ ಟಾರ್ಚ್ ಹಾಕಿ ಲಾರ್ವಾ ಕಂಡು ಬರೆದುಕೊಳ್ಳುತ್ತಾರೆ. ವರದಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆರೋಗ್ಯಾಧಿಕಾರಿಗೆ ಹೋಗುತ್ತದೆ. ಆದರೆ ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಜನ ಡ್ರಮ್ ತುಂಬಿಡದೆ ಇನ್ನೇನು ಮಾಡಿಯಾರು? ನೀರು ಬಿಡುವುದು ಬೇರೆ ಕಚೇರಿ, ಅಲ್ಲಿಗೊಂದು ಪತ್ರ. ಕೊನೆಗೆ ಫಾಗಿಂಗ್ ಗಾಡಿ ಬಂದು ಹೊಗೆ ಬಿಟ್ಟು ಹೋಗುತ್ತದೆ. ಹಾರುವ ಸೊಳ್ಳೆ ಸಾಯಬಹುದು, ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಪತ್ರ ಅಷ್ಟರಲ್ಲಿ ಟೇಬಲ್ ದಾಟಿದರೆ ಪುಣ್ಯ. ಡ್ರಮ್ಮಿಗೆ ಬಿಗಿಯಾದ ಬಟ್ಟೆ ಕಟ್ಟಿಸಿ, ವಾರಕ್ಕೊಮ್ಮೆ ಉಜ್ಜಿ ತೊಳೆಸುವುದಕ್ಕೆ ಈ ಹೊಗೆಗಿಂತ ಕಡಿಮೆ ಕಾಸು ಸಾಕು.

ಹಾಗೆಂದು ಇಂಗ್ಲೆಂಡಿನಲ್ಲೂ ಎಲ್ಲ ಸಲೀಸೇನಲ್ಲ. ಶುಕ್ರವಾರ ಸಂಜೆ ಡಿಸ್ಚಾರ್ಜ್ ಮಾಡಿ ಸೋಮವಾರದವರೆಗೆ ಆರೈಕೆಯವರು ಸಿಗದ ಗೋಳು ಇದ್ದದ್ದೇ. 23,250 ಪೌಂಡಿಗಿಂತ ಹೆಚ್ಚು ಉಳಿತಾಯವಿದ್ದರೆ ದೀರ್ಘಕಾಲದ ಆರೈಕೆಯ ಖರ್ಚು ಪೂರ್ತಿ ಕೈಯಿಂದಲೇ. ಜೊತೆಗೆ, ಒಪ್ಪಲೇಬೇಕು, ಬಸುರಿ ಯಾರು, ಯಾರ ಮಗುವಿಗೆ ಲಸಿಕೆ ತಪ್ಪಿದೆ ಎಂದು ಬೀದಿ ಬೀದಿ ತಿಳಿದಿರುವ ಆಶಾ ಇಲ್ಲಿಯ ಕೌನ್ಸಿಲ್ ಬಳಿ ಇಲ್ಲ. ಆಕೆಗೆ ನಗರಸಭೆಯ ವಾಟರ್‌ಮ್ಯಾನ್‌ನ ನಂಬರೊಂದನ್ನಾದರೂ ಕೊಡಿ.