ಲಟ್ಟಣಿಗೆಗೂ ವರ್ನಿಯರ್

ಅವ್ವನ ಲಟ್ಟಣಿಗೆ ಸೀಳು ಬಿಟ್ಟಿತು. ದಾವಣಗೆರೆಯ ಯಾವ ಪಾತ್ರೆ ಅಂಗಡಿಗೆ ಹೋದರೂ ಹೊಸದು ಸಿಗುತ್ತದೆ. ಆದರೆ ನಮಗೊಬ್ಬರು ಭಾವ ಇದ್ದಾರೆ, ಭಾವನ ಹತ್ತಿರ ಒಂದು ಲೇತ್ ಇದೆ, ಅಂದರೆ ತಿರುಗಿಸಿ ಕಡೆಯುವ ಮೆಷಿನ್. ಹಾಗಾಗಿ ಚಪಾತಿ ಬಂದ್, ತಟ್ಟಿದ ರೊಟ್ಟಿಯೇ ಗತಿ.

ಆ ಲೇತ್ ಇರುವುದು ಕಬ್ಬಿಣಕ್ಕೆ. ಮರ ಕಡೆಯುವವರು ಉಳಿಯನ್ನು ಕೈಯಲ್ಲೇ ಹಿಡಿದು, ಜೋರಾಗಿ ತಿರುಗುವ ಕಟ್ಟಿಗೆಗೆ ಆನಿಸುತ್ತಾರೆ. ಇಲ್ಲಿ ಕತ್ತರಿಸುವ ಟೂಲನ್ನು ಲೇತಿನ ಪೋಸ್ಟಿಗೆ ಬಿಗಿದು ಹ್ಯಾಂಡಲ್ ತಿರುಗಿಸಬೇಕು. ಸ್ಪೀಡೂ ಸಾಲದು, ನಾರು ಕಿತ್ತುಕೊಂಡು ಬರುತ್ತದೆ. ಮರದ ಹೊಟ್ಟು ಬೆಡ್, ಅಂದರೆ ಲೇತಿನ ಕೆಳಗಿನ ಕಬ್ಬಿಣದ ಹಾಸಿನ ಮೇಲಿನ ಎಣ್ಣೆಯನ್ನೆಲ್ಲ ಕುಡಿದು ಕೆಸರಾಗುತ್ತದೆ. ಬೆಡ್ ಒಣಗಿದರೆ ತುಕ್ಕು ಗ್ಯಾರಂಟಿ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ವರ್ನಿಯರ್, ದಪ್ಪ ಅಳೆಯುವ ಆ ಸೂಕ್ಷ್ಮ ಅಳತೆ ಸಾಧನ.

ಭಾವ ಒಂದು ಸಲ ಟೂಲ್ ಓಡಿಸುತ್ತಾರೆ. ಮೆಷಿನ್ ನಿಲ್ಲಿಸುತ್ತಾರೆ. ಹಣೆ ಮೇಲಿನ ಕನ್ನಡಕ ಮೂಗಿಗಿಳಿಯುತ್ತದೆ, ಜೇಬಿನಿಂದ ವರ್ನಿಯರ್ ಹೊರಬರುತ್ತದೆ.

"ಈ ಕಡೆ ಹತ್ತು ಪಾಯಿಂಟ್ ಜಾಸ್ತಿ ಐತಿ ನೋಡು."

ಪಾಯಿಂಟ್ ಅಂದರೆ ಮಿಲಿಮೀಟರಿನ ನೂರನೇ ಒಂದು ಪಾಲು!

"ಚಪಾತಿ ಲಟ್ಟಿಸೋಕೆ ಭಾವ ಇದು."

"ಅದಕ್ಕೆ? ಒಂದು ತುದಿ ದಪ್ಪ, ಒಂದು ತುದಿ ಸಣ್ಣ, ಹಂಗೇ ಟೇಪರ್ ಬಿಟ್ಟು ಕೊಡ್ಲಾ?"

ನಿನ್ನೆ ಸಂಜೆ ಅಂತೂ ಅಳತೆ ಕೂತಿತು. ರಾತ್ರಿ ಮಳೆ. ಬೆಳಿಗ್ಗೆ ಸುಮ್ನೆ ಇರಲಾರದೆ ಮತ್ತೆ ಅಳೆದರು. ಒಂದು ಮಗ್ಗುಲಿಗೆ ಒಂದು ಅಳತೆ, ಕಾಲು ಸುತ್ತು ತಿರುಗಿಸಿದರೆ ಇನ್ನೊಂದು. ಮಳೆಯ ತೇವಕ್ಕೆ ಮರ ಹಿಗ್ಗುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಹಿಗ್ಗುವುದಿಲ್ಲ. ಉಂಗುರಗಳ ಗುಂಟ ಜಾಸ್ತಿ, ಅಡ್ಡಕ್ಕೆ ಕಮ್ಮಿ. ಹೇಳಿದರೆ ಕೇಳಬೇಕಲ್ಲ! ಮೊದಲು ವರ್ನಿಯರ್ ಒರೆಸಿದರು. ಆಮೇಲೆ ಕಟ್ಟಿಗೆ ಹಿಡಿಯುವ ಚಕ್ ಮೇಲೆ ಅನುಮಾನ, ಆಮೇಲೆ ಅದನ್ನು ತಿರುಗಿಸುವ ಹೆಡ್‌ಸ್ಟಾಕಿನ ಬೇರಿಂಗ್ ಮೇಲೆ. ಕೊನೆಗೆ ನನ್ನ ಮೇಲೆ. "ರಾತ್ರಿ ಇದನ್ನ ಮುಟ್ಟಿದ್ಯಾ?"

ಜಗಳ ಆಡೋಣ ಅಂದರೆ ಮನಸ್ಸು ಬರುವುದಿಲ್ಲ. ಆ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. 1941ರಲ್ಲಿ ಶುರುವಾದ ಕಾರ್ಖಾನೆ, ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಭಾವ ಕೈ ಪಳಗಿಸಿಕೊಂಡಿದ್ದೂ ಅಲ್ಲೇ, ತಲೆಕೂದಲನ್ನೂ ದಪ್ಪ ಅನ್ನುವ ಜನರ ಮಧ್ಯೆ. ಲೇತಿನ ಮೇಲಿನ ಹೆಸರಿನ ತಗಡನ್ನು ಇವತ್ತಿಗೂ ದಿನಾ ಒರೆಸುತ್ತಾರೆ. ಅದರ ಮೇಲೆ ಮರದ ಹೊಟ್ಟು ಕೂತರೆ ಮಾತ್ರ ನನ್ನನ್ನು ನೋಡುವ ನೋಟವೇ ಬೇರೆ.

ಮಧ್ಯಾಹ್ನ ಲಟ್ಟಣಿಗೆ ಅವ್ವನ ಕೈ ಸೇರಿತು. ಮೂಸಿ ನೋಡಿದಳು. ಗ್ರೀಸ್ ವಾಸನೆ. ಮಣೆ ಮೇಲೆ ಉರುಳಿಸಿದಳು.

"ಪೈಪ್ ಇದ್ದಂಗೈತಲ್ಲಪ್ಪ. ನಡುವೆ ಸ್ವಲ್ಪ ಉಬ್ಬಿರಬೇಕು."

"ಸ್ವಲ್ಪ ಅಂದ್ರೆ ಎಷ್ಟು ಪಾಯಿಂಟ್, ಅತ್ತೆ?"

"ಒಂದು ಅಕ್ಕಿ ಕಾಳಿನಷ್ಟು."

ಭಾವ ಈಗ ಅಡುಗೆಮನೆಯಲ್ಲಿ ಸೋನಾ ಮಸೂರಿ ಡಬ್ಬಿ ಮುಂದೆ ಕೂತು ಒಂದೊಂದೇ ಕಾಳು ಅಳೆಯುತ್ತಿದ್ದಾರೆ. ಕಾಳಿನ ಉದ್ದ ಹಿಡೀಬೇಕೋ, ದಪ್ಪ ಹಿಡೀಬೇಕೋ ಅಂತ ನನ್ನನ್ನು ಕೇಳುತ್ತಿದ್ದಾರೆ.